ಬೇಸಾಯದ ಲೆಕ್ಕ ಬೇಸಾಯಗಾರನ ನುಡಿಯಲ್ಲಿರಲಿ



ಮೊದಲು ಒಂದು ತಪ್ಪೊಪ್ಪಿಗೆ. 2023ರ ಬೇಸಿಗೆಯಲ್ಲಿ ನನ್ನ ಮಗಳು ಇಲ್ಲಿನ ಅಯೋವಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಅಗ್ರಿಕಲ್ಚರಲ್ ಬಿಸಿನೆಸ್ ಓದ್ತೀನಿ ಅಂದಾಗ ನಾನು ಖುಷಿ ಪಡಲಿಲ್ಲ. "ಮೂರು ತಲೆಮಾರು ಮಣ್ಣಲ್ಲಿ ಬಿದ್ದು ಎದ್ದು ಈಗ ತಾನೇ ಹೊರಗೆ ಬಂದಿದ್ದೀವಿ, ನೀನು ಮತ್ತೆ ಅಲ್ಲಿಗೇ ಹೋಗ್ತೀಯಾ?" ಅಂತ ಬಾಯಿಬಿಟ್ಟು ಹೇಳಿದೆ. ವಾರಾಂತ್ಯದ ಊಟಕ್ಕೆ ಸೇರಿದ ಕನ್ನಡ ಗೆಳೆಯರು "ಮಗಳು ಏನು ತಗೊಂಡ್ಳು?" ಅಂತ ಕೇಳಿದಾಗ "ಬಿಸಿನೆಸ್" ಅಂತಷ್ಟೇ ಹೇಳಿ, ಅದರ ಮುಂದಿನ ಪದವನ್ನ ನುಂಗಿಕೊಂಡೆ. ನೇಗಿಲಯೋಗಿ ಹಾಡಿಗೆ ಎದ್ದು ನಿಂತು ಚಪ್ಪಾಳೆ ತಟ್ಟೋ ನಾವು, ಮನೆಯ ಮಗು ನೇಗಿಲಿನ ಹತ್ತಿರ ಹೋದರೆ ಹೀಗೆ ನಾಚಿಕೊಳ್ತೀವಿ. ಈ ಇಬ್ಬಂದಿತನ ನನ್ನೊಬ್ಬನದೇ ಅಲ್ಲ ಅಂತ ನನಗೆ ಗೊತ್ತು, ಅದಕ್ಕೇ ಬರೀತಿದ್ದೀನಿ.

ಆಮೇಲೆ ಎರಡು ವರ್ಷದಲ್ಲಿ ನಡೆದದ್ದು ನನ್ನ ಕಣ್ಣು ತೆರೆಸಿತು. ಅವಳ ಓದಿನಿಂದ ಶುರುವಾದ ಮಾತು ಕೊನೆಗೆ ಕನ್ನಡದ ಮಾತಾಗಿಯೇ ನಿಂತಿತು.

ಏನು ಕಲಿಸ್ತಾರೆ ಅಲ್ಲಿ?

ನಾನು ಅಂದುಕೊಂಡಿದ್ದು ಬಿತ್ತನೆ, ಗೊಬ್ಬರ, ಟ್ರ್ಯಾಕ್ಟರು. ಅದು ಸ್ವಲ್ಪ ಇದೆ. ಆದರೆ ಓದಿನ ತಿರುಳು ಬೇರೆ. ಲೆಕ್ಕ ಬರೆಯೋದು, ಸಾಲ ತೂಗಿ ನೋಡೋದು, ಜಮೀನು ಗುತ್ತಿಗೆಯ ಕಾಗದ ಓದೋದು, ಬೆಳೆ ವಿಮೆ, ತೆರಿಗೆ, ಮಾರುಕಟ್ಟೆ. ಇವತ್ತು ಧಾನ್ಯ ಮಾರಬೇಕೋ, ಆರು ತಿಂಗಳು ಇಟ್ಟುಕೊಳ್ಳಬೇಕೋ, ಇಟ್ಟುಕೊಂಡರೆ ಬಡ್ಡಿ ಎಷ್ಟು ತಿನ್ನುತ್ತೆ ಅನ್ನೋ ತೀರ್ಮಾನ. ಅಪ್ಪನಿಂದ ಮಗನಿಗೆ, ಮಗಳಿಗೆ ಜಮೀನು ಹೇಗೆ ದಾಟಿಸಬೇಕು ಅನ್ನೋದಕ್ಕೂ ಪಾಠ ಇದೆ. ಒಟ್ಟಿನಲ್ಲಿ, ಬೇಸಾಯ ಬರೀ ಬೆಳೆಯೋ ಕೆಲಸ ಅಲ್ಲ, ವರ್ಷಕ್ಕೆ ನೂರು ತೀರ್ಮಾನ ತಗೊಳ್ಳೋ ಉದ್ಯಮ ಅನ್ನೋದು ಅಲ್ಲಿನ ಮೊದಲ ಪಾಠ.

ಇಂಥ ಕಾಲೇಜುಗಳು ಹುಟ್ಟಿದ ಕತೆಯನ್ನೂ ನಾವು ತಿಳಿದಿರಬೇಕು. 1862ರಲ್ಲಿ ಲಿಂಕನ್ ಸಹಿ ಹಾಕಿದ ಮೋರಿಲ್ ಕಾಯ್ದೆಯಿಂದ ಸರಕಾರಿ ಭೂಮಿಯ ಹಣದಲ್ಲಿ ಬೇಸಾಯ ಮತ್ತು ಯಂತ್ರವಿದ್ಯೆ ಕಲಿಸೋ ಕಾಲೇಜುಗಳು ಬಂದವು. 1887ರ ಹ್ಯಾಚ್ ಕಾಯ್ದೆ ಅವಕ್ಕೆ ಪ್ರಯೋಗ ಕೇಂದ್ರಗಳನ್ನು ಸೇರಿಸಿತು. 1914ರ ಸ್ಮಿತ್-ಲೀವರ್ ಕಾಯ್ದೆ ಮೂರನೇ ಕಾಲು ಜೋಡಿಸಿತು. ಕಾಲೇಜಿನಲ್ಲಿ ಕಂಡುಕೊಂಡದ್ದನ್ನು ರೈತನ ಮನೆಬಾಗಿಲಿಗೆ ಮುಟ್ಟಿಸೋ ವಿಸ್ತರಣಾ ಸೇವೆ ಅದು. ಕಲಿಸು, ಸಂಶೋಧಿಸು, ತಲುಪಿಸು. ಅಯೋವಾದ 99 ಕೌಂಟಿಗಳಲ್ಲೂ ಈ ಸೇವೆ ಇದೆ. ಒಂದು ಎಕರೆ ಜೋಳಕ್ಕೆ ಈ ವರ್ಷ ಎಷ್ಟು ಖರ್ಚು ಬೀಳಬಹುದು ಅನ್ನೋ ಪಟ್ಟಿಯನ್ನ ಯೂನಿವರ್ಸಿಟಿಯವರು ಪ್ರತಿವರ್ಷ ಪ್ರಕಟಿಸ್ತಾರೆ. ಯಾವ ರೈತ ಬೇಕಾದರೂ ತನ್ನ ಲೆಕ್ಕವನ್ನ ಅದರ ಪಕ್ಕ ಇಟ್ಟು ನೋಡಬಹುದು.

ಇದೆಲ್ಲ ಅಮೆರಿಕದ ಕತೆ, ನಮಗೇನು ಅಂತೀರಾ? ನಮ್ಮ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಶುರುವಾಗಿದ್ದು ಇದೇ ಅಚ್ಚಿನಲ್ಲಿ. ಕಟ್ಟೋವಾಗ ಇಲ್ಲಿನ ಟೆನ್ನೆಸ್ಸೀ ವಿಶ್ವವಿದ್ಯಾಲಯ ಕೈಜೋಡಿಸಿತ್ತು. ಅಚ್ಚು ಅಲ್ಲಿಗೆ ಬಂತು, ಆದರೆ ಅದರೊಳಗಿನ ಒಂದು ಮುಖ್ಯವಾದ ಸಂಗತಿ ಬರಲಿಲ್ಲ. ಅದೇನು ಅಂತ ಹೇಳೋ ಮೊದಲು ನನ್ನಪ್ಪನ ಕಬ್ಬಿನ ಗದ್ದೆಗೆ ಹೋಗಿಬರೋಣ.

ತಾತನ ಒಂದು ಎಕರೆ

ಹೋದ ವರ್ಷ ಮಗಳಿಗೆ ಒಂದು ಪ್ರಾಜೆಕ್ಟು ಕೊಟ್ಟಿದ್ದರು. ಯಾವುದಾದರೂ ಒಂದು ನಿಜವಾದ ಜಮೀನು, ಒಂದು ಬೆಳೆ ತಗೊಂಡು ಅದರ ಪೂರ್ತಿ ಜಮಾ-ಖರ್ಚು ಮಾಡಬೇಕು. ಅವಳ ಜೊತೆಯವರೆಲ್ಲ ಅಯೋವಾದ ಜೋಳ, ಸೋಯಾ ತಗೊಂಡರು. ಇವಳು ಮಂಡ್ಯ ಜಿಲ್ಲೆಯಲ್ಲಿರೋ ತಾತನ ಮೂರು ಎಕರೆಯಲ್ಲಿ ಒಂದು ಎಕರೆ ಕಬ್ಬು ತಗೊಂಡಳು. ಮೂರು ಶನಿವಾರ ಫೋನಿನಲ್ಲಿ ತಾತ-ಮೊಮ್ಮಗಳ ಕಚೇರಿ. ಅವಳ ಕನ್ನಡ ನೆಟ್ಟಗಿಲ್ಲ, ಅವರ ಇಂಗ್ಲಿಷು ಇಲ್ಲವೇ ಇಲ್ಲ. ನಡುವೆ ದುಭಾಷಿಯಾಗಿ ನಾನು.

ಅಪ್ಪನಿಗೆ 72 ವರ್ಷ. ಖರ್ಚನ್ನ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡೋ ಅಭ್ಯಾಸ ಇದೆ. ಬಿತ್ತನೆ ಕಬ್ಬು, ಉಳುಮೆ, ಗೊಬ್ಬರ, ಕೂಲಿ, ಕಟಾವು, ಲಾರಿ ಎಲ್ಲ ಸೇರಿ 74,000 ರೂಪಾಯಿ. ಇಳುವರಿ 40 ಟನ್ನು, ಟನ್ನಿಗೆ 3,150ರಂತೆ ಕೈಗೆ ಬಂದದ್ದು 1,26,000. "ಐವತ್ತೆರಡು ಸಾವಿರ ಉಳೀತು ಕಣವ್ವ" ಅಂದರು ಅಪ್ಪ, ಹೆಮ್ಮೆಯಿಂದಲೇ.

ಮೊಮ್ಮಗಳು ಬಿಡಲಿಲ್ಲ. ಪಂಪ್‌ಸೆಟ್ಟು, ಪೈಪು ವರ್ಷಾವರ್ಷ ಸವೆಯುತ್ತಲ್ಲ, ಈ ಎಕರೆಯ ಪಾಲಿಗೆ ಎಷ್ಟು? 4,000 ಅಂತ ಹಾಕಿದರು. ಖರ್ಚು 78,000 ಆಯ್ತು. ಆಮೇಲೆ ಕೇಳಿದಳು: "ತಾತ, ನೀವು ಮತ್ತು ಅಜ್ಜಿ ಎಷ್ಟು ದಿನ ಕೆಲಸ ಮಾಡಿದ್ರಿ?"

"ಮನೇವ್ರು ಮಾಡಿದ್ದುಕ್ಕೆ ಯಾರಾದ್ರೂ ಲೆಕ್ಕ ಹಾಕ್ತಾರಾ?" ಅಂತ ಅಪ್ಪ ನಕ್ಕುಬಿಟ್ಟರು. ಇವಳು ಪಟ್ಟು ಹಿಡಿದಳು. ನೀರು ಕಟ್ಟಿದ್ದು, ಕಳೆ ಕಿತ್ತಿದ್ದು, ತರಗು ತೆಗೆದದ್ದು ಎಲ್ಲ ನೆನಪು ಮಾಡಿಕೊಂಡು ಕೂಡಿಸಿದರೆ 50 ದಿನ. ಅದರಲ್ಲಿ 30 ದಿನ ಅವ್ವನದೇ. ದಿನಕ್ಕೆ 400ರಂತೆ 20,000. ಆ ಎಕರೆಯನ್ನ ಬೇರೆಯವರಿಗೆ ಗುತ್ತಿಗೆಗೆ ಬಿಟ್ಟಿದ್ದರೆ ಬರ್ತಿದ್ದದ್ದು 20,000. ಪಂಪು-ಪೈಪಿಗೆ ಹಾಕಿರೋ ದುಡ್ಡಿಗೆ ಬಡ್ಡಿ 5,000. ಎಲ್ಲ ಸೇರಿಸಿದರೆ 1,23,000.

ಉಳಿದದ್ದು ಮೂರು ಸಾವಿರ ರೂಪಾಯಿ. ಹದಿಮೂರು ತಿಂಗಳ ಬೆಳೆಗೆ.

ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಪ್ಪ ಅಂದರು: "ಹಂಗಾರೆ ಇಷ್ಟು ವರ್ಷ ಲಾಭ ಅಂತ ಎಣಿಸ್ತಿದ್ದದ್ದು ನಿಮ್ಮವ್ವನ ಕೂಲಿ."

ನನಗೆ ತಟ್ಟಿದ್ದು ಇನ್ನೊಂದು. 1997ರಲ್ಲಿ ನನ್ನ ಇಂಜಿನಿಯರಿಂಗ್ ಸೀಟಿನ ಫೀಸು, ಹಾಸ್ಟೆಲ್ಲಿನ ದುಡ್ಡು ಬಂದದ್ದು ಇದೇ "ಲಾಭ"ದಿಂದ. ನಾನು ಅಮೆರಿಕಕ್ಕೆ ಬಂದದ್ದು ಯಾರ ಕೂಲಿಯಲ್ಲಿ ಅಂತ 46ನೇ ವಯಸ್ಸಿನಲ್ಲಿ, ಮಗಳ ಹೋಮ್‌ವರ್ಕಿನಿಂದ ನನಗೆ ಗೊತ್ತಾಯ್ತು.

ಈ ಲೆಕ್ಕ ಯಾಕೆ ಮುಖ್ಯ?

ಪತ್ರಿಕೆಗಳಲ್ಲಿ ಎ2, ಎಫ್‌ಎಲ್, ಸಿ2 ಅಂತ ಓದಿರ್ತೀರಿ. ಬಹಳ ಜನ ಪುಟ ತಿರುಗಿಸಿಬಿಡ್ತಾರೆ, ನಾನೂ ತಿರುಗಿಸ್ತಿದ್ದೆ. ಅಪ್ಪನ ಗದ್ದೆಯಲ್ಲಿ ಅದು ಹೀಗಿದೆ ನೋಡಿ. ಕೈಯಿಂದ ಖರ್ಚಾದ 78,000 ಎ2. ಅದಕ್ಕೆ ಮನೆಯವರ ದುಡಿಮೆ ಸೇರಿಸಿದರೆ 98,000. ಅದಕ್ಕೆ ಸ್ವಂತ ಜಮೀನಿನ ಗುತ್ತಿಗೆ, ಸ್ವಂತ ಬಂಡವಾಳದ ಬಡ್ಡಿ ಸೇರಿಸಿದರೆ 1,23,000, ಇದೇ ಸಿ2.

ಕೇಂದ್ರ ಸರಕಾರ 2018ರ ಬಜೆಟ್ಟಿನಲ್ಲಿ ಬೆಂಬಲ ಬೆಲೆಯನ್ನ ಖರ್ಚಿನ ಒಂದೂವರೆ ಪಟ್ಟು ಮಾಡ್ತೀವಿ ಅಂದಾಗ ಹಿಡಿದದ್ದು ಎರಡನೇ ಲೆಕ್ಕವನ್ನ. ರೈತ ಸಂಘಟನೆಗಳು ಕೇಳ್ತಿರೋದು ಮೂರನೆಯದನ್ನ. ಕಬ್ಬಿಗೆ ಬೆಂಬಲ ಬೆಲೆ ಅಲ್ಲ, ಎಫ್‌ಆರ್‌ಪಿ ಅನ್ನೋ ಬೇರೆ ಬೆಲೆ ಇದೆ. ಆದರೆ ಖರ್ಚು ಎಣಿಸಿ ಶಿಫಾರಸು ಮಾಡೋದು ಅದೇ ಆಯೋಗ. ನಮ್ಮಪ್ಪನ ಎಕರೆಗೆ ಹೋಲಿಸಿದರೆ ಎರಡನೇ ಲೆಕ್ಕದ ಒಂದೂವರೆ ಪಟ್ಟು 1,47,000, ಮೂರನೆಯದರ ಒಂದೂವರೆ ಪಟ್ಟು 1,84,500. ನಡುವೆ 37,500 ರೂಪಾಯಿ ಅಂತರ! ದಿಲ್ಲಿಯ ಗಡಿಯಲ್ಲಿ ನಡೆದ ಜಗಳದಲ್ಲಿ ಇಂಥ ಅಂತರಗಳ ಮಾತೂ ಇತ್ತು. ಅದು ಮಂಡ್ಯದ ರೈತನಿಗೆ ತನ್ನ ಗದ್ದೆಯ ಅಂಕಿಯಲ್ಲಿ, ತನ್ನ ಮಾತಿನಲ್ಲಿ ಗೊತ್ತಿರಬೇಡವೇ?

ಇನ್ನೊಂದು ಉದಾಹರಣೆ. ಕಬ್ಬು ಸರಬರಾಜಾದ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ ಸೇರಿಸಿ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ನಲವತ್ತು ವರ್ಷ ಕಬ್ಬು ಬೆಳೆದ ನಮ್ಮಪ್ಪನಿಗೆ ಇದು ಗೊತ್ತಾದದ್ದು ಹೋದ ವರ್ಷ, ಅಯೋವಾದಲ್ಲಿ ಓದೋ ಮೊಮ್ಮಗಳಿಂದ. ಇದಕ್ಕಿಂತ ವಿಚಿತ್ರ ಇನ್ನೇನಿದೆ?

ಪದ ಇಲ್ಲ ಅನ್ನೋದು ಸುಳ್ಳು

ಈಗ ಆ ಬಿಟ್ಟುಹೋದ ಸಂಗತಿಗೆ ಬರ್ತೀನಿ. ಹೆಬ್ಬಾಳಕ್ಕೆ ಅಮೆರಿಕದ ಅಚ್ಚು ಬಂತು, ಆದರೆ ಅಮೆರಿಕದ ಕಾಲೇಜು ತನ್ನ ರೈತನ ನುಡಿಯಲ್ಲೇ ಪಾಠ ಮಾಡ್ತಿತ್ತು ಅನ್ನೋದು ಬರಲಿಲ್ಲ. ಅಯೋವಾದ ಪ್ರೊಫೆಸರು, ವಿದ್ಯಾರ್ಥಿ, ರೈತ, ಬ್ಯಾಂಕಿನವನು ಎಲ್ಲರ ಲೆಕ್ಕದ ಮಾತು ಒಂದೇ. ಅದಕ್ಕೇ ತರಗತಿಯಲ್ಲಿ ಕಲಿತದ್ದು ಸಂಜೆಗೆ ಅಡುಗೆಮನೆಯ ಮೇಜಿಗೆ ಬರುತ್ತೆ.

ನಮ್ಮಲ್ಲಿ ಕೃಷಿ ವ್ಯವಹಾರ ನಿರ್ವಹಣೆಗೆ ಪದವಿ ಇದೆ. ರೈತರ ಮಕ್ಕಳಿಗೆ ಅಂತಲೇ ಮೀಸಲಾದ ಸೀಟುಗಳಿವೆ. ಕೊನೆಯ ವರ್ಷದ ವಿದ್ಯಾರ್ಥಿಗಳು ಹಳ್ಳಿಯಲ್ಲಿ ಉಳಿದು ಕೆಲಸ ಕಲಿಯೋ ಗ್ರಾಮೀಣ ಕಾರ್ಯಾನುಭವವೂ ಇದೆ. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಇದೆ. ಮೂಳೆ, ಮಾಂಸ ಎಲ್ಲ ಇದೆ. ಆದರೆ ಪದವಿಯ ಪಾಠ ಇಂಗ್ಲಿಷಿನಲ್ಲಿ, ವರದಿ ಇಂಗ್ಲಿಷಿನಲ್ಲಿ. ಹಳ್ಳಿಯಲ್ಲಿ ಕನ್ನಡದಲ್ಲಿ ಕೇಳಿ ಬರೆದುಕೊಂಡು ಹೋಗಿದ್ದನ್ನ ಹುಡುಗ ಇಂಗ್ಲಿಷಿಗೆ ತಿರುಗಿಸಿ ಅಂಕ ತಗೊಳ್ತಾನೆ. ರೈತನ ಕೈಗೆ ಮರಳಿ ಏನು ಬರುತ್ತೆ? ರೋಗ, ಕೀಟ, ತಳಿಗಳ ಬಗ್ಗೆ ಕನ್ನಡದಲ್ಲಿ ಪುಸ್ತಕಗಳಿವೆ, ಹೆಬ್ಬಾಳದಲ್ಲಿ ಕನ್ನಡ ಅಧ್ಯಯನ ವಿಭಾಗವೇ ಇದೆ, ಒಪ್ಪೋಣ. ಆದರೆ ಗೊಬ್ಬರ ಹಾಕೋದು ಹೇಗೆ ಅನ್ನೋದು ಕನ್ನಡದಲ್ಲಿ ಸಿಕ್ಕಷ್ಟು ಸುಲಭವಾಗಿ, ಹಾಕಿದರೆ ಗಿಟ್ಟುತ್ತಾ ಅನ್ನೋದು ಕನ್ನಡದಲ್ಲಿ ಸಿಗಲ್ಲ. ಕೆಲಸದಾಳಿಗೆ ಬೇಕಾದ ತಿಳಿವು ಕನ್ನಡದಲ್ಲಿ, ಯಜಮಾನನಿಗೆ ಬೇಕಾದ ತಿಳಿವು ಇಂಗ್ಲಿಷಿನಲ್ಲಿ!

"ಇದಕ್ಕೆಲ್ಲ ಕನ್ನಡದಲ್ಲಿ ಪದ ಎಲ್ಲಿದೆ?" ಅಂತೀರಾ? ನಾನೂ ಹಾಗೇ ತಿಳಿದಿದ್ದೆ. ಆ ಮೂರು ಶನಿವಾರ ನಾನು ನಿಘಂಟು ತೆರೆದು ಕೂತಿದ್ದೆ, ಬೇಕಾಗಲೇ ಇಲ್ಲ. ಸವೆತದ ಲೆಕ್ಕಕ್ಕೆ ಅಪ್ಪ ಅಂದದ್ದು "ಸವಕಲು". ಮನೆಯವರ ದುಡಿಮೆಗೆ "ಮನೆಯಾಳ ಗೇಮೆ". ಜಮೀನನ್ನ ಬೇರೆ ಥರ ಬಳಸಿದ್ದರೆ ಬರ್ತಿದ್ದ ಆದಾಯದ ಬಗ್ಗೆ ಮಗಳು ಹತ್ತು ನಿಮಿಷ ವಿವರಿಸಿದಳು. "ಕೈಬಿಟ್ಟ ಹುಟ್ಟುವಳಿ ಅನ್ನು" ಅಂತ ಎರಡು ಪದದಲ್ಲಿ ಮುಗಿಸಿದರು. ಕೆಲಸಕ್ಕೆ ಕೆಲಸ ಬದಲು ಕೊಡೋದಕ್ಕೆ "ಮುಯ್ಯಾಳು", ಪಾಲಿಗೆ ಬೇಸಾಯ ಮಾಡೋದಕ್ಕೆ "ವಾರ". ಇವು ಯಾವ ಸಮಿತಿಯೂ ಟಂಕಿಸಿದ ಪದಗಳಲ್ಲ, ದುಡಿದವರ ಬಾಯಲ್ಲಿ ಉಳಿದ ಪದಗಳು. ಪುಸ್ತಕಕ್ಕೆ ಹತ್ತಿಲ್ಲ, ಅಷ್ಟೇ. ಇನ್ನೊಂದು ತಲೆಮಾರು ಸುಮ್ಮನಿದ್ದರೆ ಬಾಯಿಂದಲೂ ಹೋಗ್ತವೆ.

ಕನ್ನಡದಲ್ಲಿ ಬೇಸಾಯದ ವ್ಯವಹಾರ ನಡೆಯಲ್ಲ ಅನ್ನೋರಿಗೆ ಚರಿತ್ರೆಯೇ ಉತ್ತರ. ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗ ಸೀಮೆಯ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ. ಅಡಿಕೆ ಬೆಲೆ ನೆಲಕಚ್ಚಿದ ಕಾಲದಲ್ಲಿ ಕರ್ನಾಟಕ-ಕೇರಳದ ಬೆಳೆಗಾರರು ಸೇರಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. 1986ರಲ್ಲಿ ಅದೇ ಸಂಸ್ಥೆ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. 1988ರಿಂದ ಬಂದ ಅಡಿಕೆ ಪತ್ರಿಕೆ ರೈತರ ಕೈಗೇ ಲೇಖನಿ ಕೊಟ್ಟು, ಅವರ ಅನುಭವವನ್ನ ಅವರ ಮಾತಲ್ಲೇ ಅಚ್ಚು ಹಾಕಿತು. ವಿಶ್ವವಿದ್ಯಾಲಯ ಮಾಡದಿದ್ದದ್ದನ್ನ ರೈತರು ಮಾಡಿ ತೋರಿಸಿದ್ದಾರೆ.

"ಪಾಠ ಬೇಡ, ಬೆಲೆ ಕೊಡಿ"

ಇದು ಊರಲ್ಲಿರೋ ನನ್ನ ಚಿಕ್ಕಪ್ಪನ ಮಗ ಹೇಳಿದ ಮಾತು, ನ್ಯಾಯವಾದ ಮಾತು. ಲೆಕ್ಕ ಬರೆದ ಮಾತ್ರಕ್ಕೆ ಕಬ್ಬಿನ ಬೆಲೆ ಏರಲ್ಲ, ಮಳೆ ಬರಲ್ಲ. 2022ರ ಗಣತಿಯಂತೆ ಅಯೋವಾದ ಸರಾಸರಿ ಜಮೀನು 345 ಎಕರೆ. 2015-16ರ ಕೃಷಿ ಗಣತಿಯಂತೆ ನಮ್ಮ ಕರ್ನಾಟಕದ್ದು 1.36 ಹೆಕ್ಟೇರ್, ಮೂರೂವರೆ ಎಕರೆಯೂ ಇಲ್ಲ. ಅವರಿಗೆ ಸರಕಾರದ ಸಹಾಯ, ವಿಮೆ ಎಲ್ಲ ದೊಡ್ಡ ಮಟ್ಟದಲ್ಲಿದೆ. ಅಲ್ಲಿಂದ ಇಲ್ಲಿಗೆ ನಕಲು ಹೊಡೀರಿ ಅಂತ ನಾನು ಹೇಳ್ತಿಲ್ಲ.

ಅಯೋವಾವೂ ಸ್ವರ್ಗವಲ್ಲ. 1981ರಲ್ಲಿ ಎಕರೆಗೆ ಸರಾಸರಿ 2,147 ಡಾಲರ್ ಇದ್ದ ಇಲ್ಲಿನ ಜಮೀನು 1986ಕ್ಕೆ 787ಕ್ಕೆ ಬಿತ್ತು. ಬಡ್ಡಿ ಏರಿತ್ತು, ಸಾಲ ಮಾಡಿ ಜಮೀನು ಕೊಂಡವರು ಮನೆಮಠ ಕಳಕೊಂಡರು, ಜೀವವನ್ನೂ ಕಳಕೊಂಡರು. ನಮ್ಮ ಬೀದಿಯಲ್ಲಿ ಆ ಕಾಲ ಕಂಡ ಒಬ್ಬ ಮುದುಕರಿದ್ದಾರೆ. ವಿಸ್ತರಣಾ ಸೇವೆಯವರು ಮನೆಗೆ ಬಂದು, ಎರಡು ರಾತ್ರಿ ಕೂತು, ಸಾಲದ ಕಾಗದಗಳನ್ನೆಲ್ಲ ಹರಡಿ, "ಇಷ್ಟು ಮಾರಿದರೆ ಇಷ್ಟು ಉಳಿಯುತ್ತೆ" ಅಂತ ತೋರಿಸಿದರಂತೆ. ಅರ್ಧ ಹೋಯ್ತು, ಅರ್ಧ ಉಳೀತು. "ಬೆಲೆ ಯಾರೂ ಕೊಡಿಸಲಿಲ್ಲ. ಆದರೆ ಕತ್ತಲಲ್ಲಿ ಒಬ್ಬನೇ ಕೂತಿರೋದು ತಪ್ಪಿತು" ಅಂದರು. 2015ರಲ್ಲಿ ಮಂಡ್ಯದ ಕಡೆಯಿಂದ ದಿನಾ ಬರ್ತಿದ್ದ ಸಾವಿನ ಸುದ್ದಿಗಳು ನನಗೆ ನೆನಪಾದವು. ಆ ಮನೆಗಳಲ್ಲಿ ಸಾಲದ ಕಾಗದ ಹರಡಿಕೊಂಡು ಕನ್ನಡದಲ್ಲಿ ಲೆಕ್ಕ ಬಿಡಿಸೋಕೆ ಎಷ್ಟು ಜನ ಕೂತಿದ್ದರು?

ಬೆಲೆಗೂ ಲೆಕ್ಕಕ್ಕೂ ಜಗಳ ಇಲ್ಲ. ತನ್ನ ಖರ್ಚು ಇಷ್ಟು ಅಂತ ಬರಹದಲ್ಲಿ ತೋರಿಸಬಲ್ಲವನೇ ಬೆಲೆಯನ್ನ ಗಟ್ಟಿಯಾಗಿ ಕೇಳಬಲ್ಲ. ಇಲ್ಲದಿದ್ದರೆ ಅವನ ಖರ್ಚನ್ನ ಬೇರೆ ಯಾರೋ, ಬೇರೆ ನುಡಿಯಲ್ಲಿ, ಬೇರೆ ಊರಲ್ಲಿ ಕೂತು ಬರೀತಾರೆ.

ನಾವೇನು ಮಾಡಬಹುದು?

ನಾವು ಎಟಿಎಂನಲ್ಲಿ ಕನ್ನಡ ಕೇಳಿದ್ವಿ, ವಿಮಾನದಲ್ಲಿ ಕೇಳಿದ್ವಿ, ಮೊಬೈಲಿನಲ್ಲಿ ಕೇಳಿದ್ವಿ. ಸರಿಯಾದದ್ದನ್ನೇ ಕೇಳಿದ್ವಿ. ಆದರೆ ನಮ್ಮಲ್ಲಿ ಬಹಳ ಜನರ ಹಿಂದೆ ಇರೋ ಆ ಮೂರು ಎಕರೆಯ ಲೆಕ್ಕ ಕನ್ನಡದಲ್ಲಿದೆಯಾ ಅಂತ ನಾನಂತೂ ಒಂದು ದಿನವೂ ಕೇಳಿರಲಿಲ್ಲ. ಈಗ ಕೇಳೋಣ.

ಒಂದು: ನಿಮ್ಮ ಮನೆಯ ಮಗುವೋ, ಊರಿನ ಅಣ್ಣನ ಮಗುವೋ ಕೃಷಿ ವ್ಯವಹಾರ ಓದ್ತೀನಿ ಅಂದರೆ ಅಡ್ಡ ನಿಲ್ಲಬೇಡಿ. "ಸಿಇಟಿಯಲ್ಲಿ ಇಂಜಿನಿಯರಿಂಗ್ ಸಿಗಲಿಲ್ವಾ?" ಅಂತ ಕೇಳಬೇಡಿ. ಫೀಸಿಗೆ ಕೈಜೋಡಿಸಿ.

ಎರಡು: ಈ ವರ್ಷ ನಿಮ್ಮೂರಿನ ಒಂದೇ ಒಂದು ಎಕರೆಯ ಲೆಕ್ಕವನ್ನ, ಮನೆಯಾಳ ಗೇಮೆಯೂ ಸೇರಿದಂತೆ, ಕನ್ನಡದಲ್ಲಿ ಬರೆಸಿ. ನಮ್ಮಲ್ಲಿ ಅರ್ಧ ಜನ ಸಾಫ್ಟ್‌ವೇರಿನವರು. ಕನ್ನಡದಲ್ಲಿ ಒಂದು ಸರಳ ಲೆಕ್ಕದ ಹಾಳೆ ಮಾಡಿಕೊಡೋಕೆ ಒಂದು ವಾರಾಂತ್ಯ ಸಾಕು. ಅಕ್ಷರ ಮೂಡಲ್ಲ ಅನ್ನೋ ಹಳೇ ನೆಪ ಈಗಿಲ್ಲ.

ಮೂರು: ನಮ್ಮ ಕೃಷಿ ವಿಶ್ವವಿದ್ಯಾಲಯಗಳಿಗೆ, ಕೃಷಿ ಇಲಾಖೆಗೆ ಕಾಗದ ಬರೆಯೋಣ. ಪೂರ್ತಿ ಪದವಿಯನ್ನ ನಾಳೆಯೇ ಕನ್ನಡಕ್ಕೆ ತನ್ನಿ ಅಂತಲ್ಲ. ಬೇಸಾಯ ನಿರ್ವಹಣೆಯ ಒಂದು ವಿಷಯವನ್ನ ಕನ್ನಡದಲ್ಲಿ ಕಲಿಸಿ. ಎರಡು ವರ್ಷದ ಕೃಷಿ ಡಿಪ್ಲೊಮಾವನ್ನ ಕನ್ನಡದಲ್ಲೇ ಕಲಿಸಿದ ಅನುಭವ ಅವರಿಗಿದೆ. ಹಳ್ಳಿಯಲ್ಲಿ ಉಳಿದು ಬಂದ ಪ್ರತಿ ವಿದ್ಯಾರ್ಥಿಯೂ ತಾನಿದ್ದ ಊರಿನ ರೈತನಿಗೆ ಅವನ ಬೆಳೆಯ ಜಮಾ-ಖರ್ಚನ್ನ ಕನ್ನಡದಲ್ಲಿ ಬರೆದುಕೊಟ್ಟ ಮೇಲೆಯೇ ಅಂಕ ಕೊಡಿ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ.

ಕೊನೆಗೆ ಊರಿನ ಸುದ್ದಿ. ಮಗಳ ಲೆಕ್ಕವನ್ನ ಅವಳು ಹೇಳಿದಂತೆ ನಾನು ಕನ್ನಡದಲ್ಲಿ ಟೈಪು ಮಾಡಿ ಕಳಿಸಿದ್ದೆ. ಅಪ್ಪ ಅದರ ಎಂಟು ಜೆರಾಕ್ಸು ಮಾಡಿಸಿ ಅರಳಿಕಟ್ಟೆಯಲ್ಲಿ ಹಂಚಿದ್ದಾರೆ. ಈ ವರ್ಷವೂ ಅಲ್ಲಿ ಕಬ್ಬನ್ನೇ ಹಾಕಿದ್ದಾರೆ, ಕೂಳೆ ಬೆಳೆಗೆ ಖರ್ಚು ಕಮ್ಮಿ ಅಂತ ಅವರದೇ ಲೆಕ್ಕ. ಒಂದೇ ವ್ಯತ್ಯಾಸ. ಕ್ಯಾಲೆಂಡರಿನ ಹಿಂದೆ ಈಗ ಇನ್ನೊಂದು ಸಾಲು ಸೇರಿದೆ, ಅದರ ತಲೆಮೇಲೆ ಅವ್ವನ ಹೆಸರು. ದಿನಾ ಸಂಜೆ ಅವ್ವನೇ ಹೇಳಿ ಬರೆಸ್ತಾರಂತೆ, ಅರ್ಧ ದಿನವನ್ನೂ ಬಿಡದೆ.

ನಿಮ್ಮೂರಿನ ಲೆಕ್ಕದಲ್ಲಿ ಆ ಸಾಲು ಇದೆಯಾ, ಗೆಳೆಯರೇ? ಈ ಶನಿವಾರ ಫೋನು ಮಾಡಿದಾಗ ಕೇಳಿ ನೋಡಿ.

ಸಿರಿಗನ್ನಡಂ ಗೆಲ್ಗೆ.